ವರದಿಗಿಂತ ಮುಂಚೆ ಬಂದ ಸೋಂಕು

2020ರ ಮಾರ್ಚ್ ಮೊದಲ ವಾರ. ಫೆಬ್ರುವರಿ 29ರಂದು ಸೌದಿ ಅರೇಬಿಯಾದಿಂದ ಮರಳಿದ್ದ ಕಲಬುರಗಿಯ ಹಿರಿಯರೊಬ್ಬರಿಗೆ ಜ್ವರ, ಕೆಮ್ಮು. ಅವರನ್ನು ವೈದ್ಯರೊಬ್ಬರು ಮನೆಗೇ ಹೋಗಿ ನೋಡಿದರು. ಕಾಯಿಲೆ ಬಿಗಡಾಯಿಸಿತು, ಖಾಸಗಿ ಆಸ್ಪತ್ರೆ, ಹೈದರಾಬಾದ್ ಎಂದು ಅಲೆದು ಮರಳುವಾಗ ಮಾರ್ಚ್ 10ರ ರಾತ್ರಿ ಹಿರಿಯರು ತೀರಿಕೊಂಡರು. ಅದು ದೇಶದ ಮೊದಲ ಕೋವಿಡ್ ಸಾವು ಎಂದು ಗೊತ್ತಾದದ್ದು ಮಾರ್ಚ್ 12ಕ್ಕೆ. 17ರಂದು ಆ ವೈದ್ಯರಿಗೂ ಸೋಂಕು ದೃಢಪಟ್ಟಿತು.

ವೈದ್ಯರು ರೋಗಿಯ ಎದುರು ಕೂತ ದಿನ ಆ ಜ್ವರ ಕೋವಿಡ್ ಎಂದು ದೃಢಪಟ್ಟಿರಲಿಲ್ಲ.

ಕಲಬುರಗಿ ಜಿಲ್ಲೆ ಮರೆಯಬಾರದ ಸಂಗತಿ ಇದು. ಕೊರೊನಾ ವಾರ್ಡಿನೊಳಗೆ ಹೋಗುವವರಿಗೆ ಪಿಪಿಇ ಕಿಟ್ ಸಿಕ್ಕಿತು. ಆದರೆ ಸೋಂಕು ಮೊದಲು ಬಂದು ನಿಲ್ಲುವುದು ಚೀಟಿ ಬರೆಸುವ ಕಿಟಕಿಯಲ್ಲಿ, ಹೊರರೋಗಿ ವಿಭಾಗದ ಬೆಂಚಿನ ಮೇಲೆ, ಆಂಬುಲೆನ್ಸ್‌ನಲ್ಲಿ. ಲಕ್ಷಣ ಕಾಣಿಸುವ ಒಂದೆರಡು ದಿನ ಮೊದಲೇ ವೈರಸ್ ಹರಡಬಲ್ಲದು. ಗಾಳಿಯಾಡದ ಕೋಣೆಯಲ್ಲಿ ಉಸಿರಿನ ಕಣಗಳು ತೇಲುತ್ತಲೇ ಇರುತ್ತವೆ. ವರದಿ ಬಂದ ಮೇಲೆ ಮಾಸ್ಕ್ ಕೊಟ್ಟರೆ ನರ್ಸಿಗೂ ಕಸ ಗುಡಿಸುವವರಿಗೂ ಅದು ತಡವಾದ ರಕ್ಷಣೆ.

ಜಿಲ್ಲೆಯ ಕೊಡ್ಲಿ ಕಡೆಯ ಹಳ್ಳಿಯಲ್ಲಿ ಜ್ವರ ಬಂದವರು ನೇರವಾಗಿ ಕಲಬುರಗಿಗೆ ಬಸ್ ಹತ್ತುವುದಿಲ್ಲ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗುತ್ತಾರೆ, ಇಲ್ಲವೇ ಆಶಾ ಕಾರ್ಯಕರ್ತೆಯನ್ನು ಕೇಳುತ್ತಾರೆ. ಲಾಕ್‌ಡೌನ್‌ನಲ್ಲಿ ಮುಂಬೈ, ಪುಣೆಯಿಂದ ದುಡಿಯುವ ಜನ ಊರಿಗೆ ಮರಳಿದಾಗ ಮನೆಮನೆ ತಿರುಗಿ ಲೆಕ್ಕ ಬರೆದವರೂ ಇದೇ ಆಶಾಗಳು. ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸುರಕ್ಷತಾ ಸಾಮಗ್ರಿ ಕೊಡಿ ಎಂದು ಅವರು 2020ರ ಜುಲೈನಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಬೇಕಾಯಿತು. ಸೋಂಕಿನ ಎದುರು ನಿಂತವರು ಮಾಸ್ಕ್‌ಗಾಗಿ ಬೀದಿಗಿಳಿಯುವಂತೆ ಮಾಡಿದ್ದು ಸಣ್ಣ ತಪ್ಪಲ್ಲ.

ಕೋವಿಡ್ ಕರ್ತವ್ಯದಲ್ಲಿ ಮಡಿದವರ ಕುಟುಂಬಕ್ಕೆ ಕೇಂದ್ರ ಸರ್ಕಾರ 50 ಲಕ್ಷ ರೂಪಾಯಿ ವಿಮೆ ಘೋಷಿಸಿತು. ಗುತ್ತಿಗೆ ಸಿಬ್ಬಂದಿ, ಆಶಾ ಕಾರ್ಯಕರ್ತೆಯರನ್ನೂ ಸೇರಿಸಿತು. ಒಳ್ಳೆಯ ನಿರ್ಧಾರವೇ. ಆದರೆ ಆ ಹಣ ಬರುತ್ತಿದ್ದುದು ಜೀವ ಹೋದ ಮೇಲೆ. 2020ರ ಜನವರಿಯಿಂದ 2021ರ ಮೇವರೆಗೆ ಜಗತ್ತಿನಲ್ಲಿ ಸುಮಾರು 1,15,500 ಆರೋಗ್ಯ ಸಿಬ್ಬಂದಿ ಕೋವಿಡ್‌ನಿಂದ ಸತ್ತಿರಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಹಾಗಾಗಿ ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್, ವಾಡಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ಕೆಲಸ ಕಾಯಂ ಆಗಬೇಕು. ಕೆಮ್ಮು, ಜ್ವರದವರಿಗೆ ಗಾಳಿ ಬೆಳಕಿರುವ ಪ್ರತ್ಯೇಕ ಜಾಗ. ಅವರನ್ನು ಮುಟ್ಟುವ, ಸಾಗಿಸುವ, ಅವರ ಹಾಸಿಗೆ ತೆಗೆಯುವ ಎಲ್ಲರಿಗೂ ಎನ್-95 ಮಾಸ್ಕ್. ಸೋಂಕು ತಗುಲಿದ ಗುತ್ತಿಗೆ ನೌಕರರಿಗೆ ಸಂಬಳ ಸಹಿತ ರಜೆ. ಕೊನೆಯದನ್ನು ಕಡೆಗಣಿಸಿದರೆ ಉಳಿದೆರಡೂ ವ್ಯರ್ಥ: ದಿನಗೂಲಿ ತಪ್ಪುತ್ತದೆಂದು ಹೆದರಿದ ಡಿ ಗ್ರೂಪ್ ನೌಕರೆ ಮೈ ಸುಡುತ್ತಿದ್ದರೂ ಬೆಳಗಿನ ಪಾಳಿಗೆ ಬರುತ್ತಾಳೆ, ಪೊರಕೆ ಹಿಡಿದು ಹೆರಿಗೆ ವಾರ್ಡಿಗೂ ಹೋಗುತ್ತಾಳೆ.