ಮುದ್ದಾಯಿ ಯಾರು?

ಕಳೆದ ಬೇಸಿಗೆಯಲ್ಲಿ ಅಚ್ಯುತಾಪುರಂನ ಕಾರ್ಖಾನೆಯೊಂದರಲ್ಲಿ ದುಡಿಯುವ ಬೀದರ ಕಡೆಯ ತರುಣನೊಬ್ಬನೊಡನೆ ನಾನು ನ್ಯಾಯಾಲಯಕ್ಕೆ ಹೋಗಬೇಕಾಯಿತು. ಅವನ ಮೋಟಾರು ಸೈಕಲ್ಲು ಕಳುವಾಗಿ, ಕದ್ದವನೆಂದು ಒಬ್ಬನನ್ನು ಹಿಡಿದು, ಮೊಕದ್ದಮೆ ಸಾಕ್ಷ್ಯದ ಹಂತಕ್ಕೆ ಬಂದಿತ್ತು. ಮೊಗಸಾಲೆಯಲ್ಲಿ ಯಾರೋ ತೆಲುಗಿನಲ್ಲಿ, ಮುದ್ದಾಯಿ ಬಂದಿದ್ದಾನೆಯೇ ಎಂದು ಕೇಳಿದೊಡನೆ ಇವನು 'ನಾನೇ' ಎಂದು ಕೈಯೆತ್ತಿ ಮುಂದೆ ನಡೆದ. ಅವನನ್ನು ಕರೆದೊಯ್ದು ಆರೋಪಿಯ ಸಾಲಿನಲ್ಲಿ ನಿಲ್ಲಿಸಿದರು. ಅವನು ಫಿರ್ಯಾದಿ ಎಂದು ಮನವರಿಕೆ ಮಾಡಿಕೊಡಲು ನನಗೆ ಅರ್ಧ ತಾಸು ಹಿಡಿಯಿತು.

ತಪ್ಪು ಹುಡುಗನದಲ್ಲ. ಅರಬ್ಬಿ ಮೂಲದ ಈ ಶಬ್ದಕ್ಕೆ ಹಕ್ಕು ಸಾಧಿಸುವವನು, ವಾದಿ ಎಂದೇ ಅರ್ಥ. ನಿಜಾಮರ ಕಾಲದಲ್ಲಿ ಉರ್ದು ಕಚೇರಿಯ ಭಾಷೆಯಾಗಿದ್ದ ಬೀದರಿನಲ್ಲಿ ಅವನ ಅಜ್ಜ ಅದನ್ನು ಆ ಅರ್ಥದಲ್ಲಿಯೇ ಬಳಸುತ್ತಿದ್ದನಂತೆ. ಇಂದಿನ ತೆಲುಗಿನಲ್ಲಾದರೋ ಮುದ್ದಾಯಿ ಎಂದರೆ ಆರೋಪಿ! ಶಬ್ದವೊಂದೇ, ಕಟಕಟೆ ಮಾತ್ರ ಬೇರೆ.

ಬಂಗಾಳಕ್ಕೆ ಹೋದ ಕನ್ನಡಿಗನಿಗೆ ತನಗೆ ಭಾಷೆ ಬಾರದೆಂಬ ಅರಿವಾದರೂ ಇರುತ್ತದೆ. ಆಂಧ್ರದಲ್ಲಿ ನೆಲೆಸಿದ ನಮಗೆ ಆ ರಕ್ಷಣೆಯೂ ಇಲ್ಲ. ಲಿಪಿ ಹತ್ತಿರ, ತೀರ್ಪು, ಸಾಕ್ಷಿ, ವಿಚಾರಣೆ, ಕಕ್ಷಿದಾರ ಎಲ್ಲವೂ ಸಮಾನ. ಆದುದರಿಂದಲೇ ಉಳಿದುದೂ ತಿಳಿಯಿತೆಂಬ ಭ್ರಮೆ. ತೆಲುಗಿನ 'ನೇರಂ' ಅಪರಾಧ. ನಮ್ಮ 'ನೇರ' ಅದಕ್ಕೆ ತದ್ವಿರುದ್ಧವೆನ್ನಬೇಕು. 'ನಿಂದಿತುಡು' ನಿಂದೆಗೊಳಗಾದವನಲ್ಲ, ಆರೋಪಿ. 'ಅಭಿಯೋಗಂ' ದೋಷಾರೋಪಣೆ.

ಸ್ವಂತ ಭಾಷೆಯಲ್ಲಿಯಾದರೂ ನಾವು ಎಚ್ಚರದಿಂದಿದ್ದೇವೆಯೆ? ತೀರ್ಪಿಗೆ ಮುನ್ನವೇ ಆರೋಪಿಯನ್ನು ಅಪರಾಧಿಯೆನ್ನುತ್ತೇವೆ. ಜಾಮೀನು ದೊರೆತರೆ ಖುಲಾಸೆಯಾಯಿತೆಂದು ಸಿಹಿ ಹಂಚುವವರನ್ನು ಕಂಡಿದ್ದೇನೆ. ಜಾಮೀನು ವಿಚಾರಣೆಗೆ ಹಾಜರಾಗುವ ಭರವಸೆಯ ಮೇಲಿನ ಬಿಡುಗಡೆಯಷ್ಟೆ. ಸಮನ್ಸು ಹಾಜರಾಗೆಂಬ ಆಜ್ಞೆ, ಸಾಕ್ಷಿಗೂ ಬರುತ್ತದೆ. ಅದಕ್ಕೆ ಹೆದರಿ ಊರು ಬಿಟ್ಟರೆ ಹಿಂದೆಯೇ ವಾರಂಟು ಬಂದೀತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಕಲಮುಗಳ ಸಂಖ್ಯೆಗಳೂ ಬದಲಾಗಿವೆ. ವಂಚಕನನ್ನು 'ನಾನೂರಿಪ್ಪತ್ತು' ಎಂದು ಬೈಯುವ ನಮ್ಮ ಹಿರಿಯರು ಇನ್ನು 318 ಎನ್ನಬೇಕು. ಅದರಲ್ಲಿ ಆ ಖಾರವಿಲ್ಲ.

ಕಾನೂನು ಭಾಷೆ ಬಾರದವನನ್ನು ಕೈಬಿಟ್ಟಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಆರೋಪಿ ಖುದ್ದು ಹಾಜರಿದ್ದು, ಸಾಕ್ಷ್ಯದ ಭಾಷೆ ಅವನಿಗೆ ತಿಳಿಯದಿದ್ದರೆ, ತಿಳಿಯುವ ಭಾಷೆಯಲ್ಲಿ ತೆರೆದ ನ್ಯಾಯಾಲಯದಲ್ಲಿಯೇ ವಿವರಿಸಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 279ನೆಯ ಕಲಮು ವಿಧಿಸಿತ್ತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಸಾಕ್ಷಿ ಕನ್ನಡದಲ್ಲಿ ನುಡಿದರೆ, ಸಾಧ್ಯವಿದ್ದಲ್ಲಿ ಹಾಗೆಯೇ ಬರೆದುಕೊಳ್ಳಬಹುದು. ಇಲ್ಲವಾದರೆ ಯಥಾರ್ಥ ಅನುವಾದವಾಗಬೇಕು. ಠಾಣೆಯಲ್ಲಿ ಬಾಯಿಮಾತಿನ ದೂರನ್ನು ಬರೆದುಕೊಂಡ ಮೇಲೆ ಓದಿ ಹೇಳಿಯೇ ಸಹಿ ಪಡೆಯಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ನಮ್ಮವನು ಓದಿಸದೆಯೇ ಸಹಿ ಹಾಕಿದ್ದ. ಮೂವತ್ತು ವರ್ಷ ಕಡತಗಳ ನಡುವೆ ಬದುಕಿದ ನಾನೂ ಅವನಿಗೆ ಇದನ್ನು ಮೊದಲೇ ಹೇಳಲಿಲ್ಲವೆಂಬುದು ನನ್ನ ಲೋಪ.

ಇನ್ನೊಂದು ಸಂಗತಿ ಕಾರ್ಖಾನೆಗಳ ನಮ್ಮ ಬಾಂಧವರಿಗೆ ತಲುಪಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮು ಉಚಿತ ವಕೀಲರ ನೆರವಿಗೆ ಅರ್ಹರೆಂದು ಮಹಿಳೆಯರು ಹಾಗೂ ಬಂಧನದಲ್ಲಿರುವವರೊಡನೆ ಕೈಗಾರಿಕಾ ಕಾರ್ಮಿಕರನ್ನೂ ಹೆಸರಿಸಿದೆ. ದೂರವಾಣಿ ಸಂಖ್ಯೆ 15100. ರಾಜ್ಯೋತ್ಸವದ ಕರಪತ್ರದ ಹಿಂಬದಿಯಲ್ಲಿ ಇದನ್ನು ಅಚ್ಚು ಹಾಕಿಸಲು ಸಂಘಕ್ಕೆ ಎಷ್ಟು ವೆಚ್ಚವಾದೀತು?

ಆ ತರುಣನ ಪಾಟೀಸವಾಲು ಅಂದು ನಡೆಯಲಿಲ್ಲ. ನಾವು ಮುದ್ದತ್ತು ಎನ್ನುವ, ಇಲ್ಲಿಯವರು ವಾಯಿದಾ ಎನ್ನುವ ಮುಂದಿನ ತಾರೀಕಿಗೆ ನಾನು ಮತ್ತೆ ಜೊತೆಗೆ ಹೋಗುವವನಿದ್ದೇನೆ. ಕಾನೂನು ಓದಿದ, ತೆಲುಗು ಬಲ್ಲ ಸದಸ್ಯರೊಬ್ಬರು ಬಂದರೆ ಉಪಕಾರವಾದೀತು. ಸಂಘದ ಕಾರ್ಯದರ್ಶಿಗಳಲ್ಲಿ ಹೆಸರು ಕೊಡಬಹುದು.