ಸೆನ್ಸರಿನ ಮೇಲೆ ಸುಮ್ಮನೆ ಅಪವಾದ

ಮನೆಯ ಮುಂದೆ ಚಾಲೂ ಮಾಡಿದರೆ ಕಾರಿನ ಎಂಜಿನು ಗಡಿಯಾರದಂತೆ ನಡೆಯುತ್ತಿತ್ತು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತರೂ ತಕರಾರಿಲ್ಲ. ಅಲ್ಲಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಮೇಲ್ಸೇತುವೆಯ ಏರಿಗೆ ಬಂದು ಎಕ್ಸಲರೇಟರ್ ತುಳಿದಾಗ ಮಾತ್ರ ಎಳೆಯಲೊಲ್ಲದು. ‘ಪಿಕಪ್ ಇಲ್ಲ’ ಎಂದು ಎರಡು ತಿಂಗಳಿಂದ ಗೊಣಗುತ್ತಿದ್ದ ಮಾಲೀಕರ ಕಣ್ಣೆದುರು ಕೊನೆಗೊಂದು ದಿನ ಎಂಜಿನ್ನಿನ ಚಿತ್ರವುಳ್ಳ ಹಳದಿ ದೀಪವೂ ಹೊತ್ತಿಕೊಂಡಿತು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದರೆ ‘ಪಿ 0171’ ಎಂಬ ಸಂಕೇತ. ಗಾಳಿಗೆ ತಕ್ಕಷ್ಟು ಪೆಟ್ರೋಲಿಲ್ಲ ಎಂಬುದು ಅದರ ಅರ್ಥ. ಹಾಗೆ ವರದಿ ಕೊಟ್ಟದ್ದು ಆಕ್ಸಿಜನ್ ಸೆನ್ಸರು. ಆದ್ದರಿಂದ ಅದೇ ಕೆಟ್ಟಿರಬೇಕೆಂದು ಬದಲಾಯಿಸಿದರು. ಸಾವಿರಗಟ್ಟಲೆ ಹಣ ಹೋಯಿತು, ದೀಪ ಆರಿತು. ನಾಲ್ಕನೆಯ ದಿನ ಮತ್ತೆ ಹೊತ್ತಿತು.

ಜ್ವರ ಬಂದಾಗ ಥರ್ಮಾಮೀಟರನ್ನು ಬದಲಾಯಿಸುವ ಕೆಲಸ ಇದು. ಹೀಗಾಗುವುದು ಅಪರೂಪವೇನಲ್ಲ. ಸ್ಕ್ಯಾನರ್ ತೋರಿಸುವುದು ದೂರನ್ನು, ಅಪರಾಧಿಯನ್ನಲ್ಲ.

ದೂರು ಏನೆಂದು ತಿಳಿಯಲು ಸ್ವಲ್ಪ ಲೆಕ್ಕ ಬೇಕು. 1 ಕಿಲೋ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಇದನ್ನು ಲೀಟರಿನಲ್ಲಿ ಹೇಳಿದರೆ ಹೆಚ್ಚು ಬೆರಗು: ಬೆಂಗಳೂರಿನಂತಹ ಎತ್ತರದ ಊರಿನಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 10,000 ಲೀಟರ್ ಗಾಳಿ! ತಾರಸಿಯ ಮೇಲಿನ ಸಾವಿರ ಲೀಟರಿನ ಹತ್ತು ಟ್ಯಾಂಕುಗಳಷ್ಟು. (ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನ ಗಾಳಿ ಮಂಗಳೂರಿನ ಗಾಳಿಗಿಂತ ತೆಳು. ಟರ್ಬೊ ಇಲ್ಲದ ಎಂಜಿನು ಇಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಶಕ್ತಿ ಕಳೆದುಕೊಂಡೇ ಓಡುತ್ತದೆ. ಅದು ರೋಗವಲ್ಲ, ಭೂಗೋಳ.)

ಈ ಪ್ರಮಾಣವನ್ನು ಕಾಯುವುದು ಎಂಜಿನ್ನಿನ ಪುಟ್ಟ ಕಂಪ್ಯೂಟರಿನ ಕೆಲಸ. ಅದಕ್ಕೆ ನಾಲಗೆಯಾಗಿರುವುದು ಹೊಗೆ ಹೋಗುವ ಕೊಳವೆಯಲ್ಲಿ ಕೂತ ಆಕ್ಸಿಜನ್ ಸೆನ್ಸರು. ಬಾಷ್ ಕಂಪನಿಯ ಈ ಸೆನ್ಸರು ಮೊದಲು ಬಂದದ್ದು 1976ರಲ್ಲಿ, ಅಮೆರಿಕಕ್ಕೆಂದು ತಯಾರಾದ ವೋಲ್ವೊ ಕಾರುಗಳಲ್ಲಿ. ಹಳೆಯ ಬೆಂಗಳೂರಿಗರು ‘ಮೈಕೊ’ ಎಂದೇ ಕರೆಯುತ್ತಿದ್ದ ಕಂಪನಿ ಇದೇ ಬಳಗದ್ದು. 2008ರಲ್ಲಿ ಅದರ ಹೆಸರೂ ಬಾಷ್ ಆಯಿತು. ಸೆನ್ಸರಿನೊಳಗೆ ಇರುವುದು ಜಿರ್ಕೋನಿಯಾ ಎಂಬ ಪಿಂಗಾಣಿಯ ಪುಟ್ಟ ಟೋಪಿ. ಅದರ ಒಳಬದಿಯಲ್ಲಿ ಹೊರಗಿನ ಶುದ್ಧ ಗಾಳಿ, ಹೊರಬದಿಯಲ್ಲಿ ಹೊಗೆ. 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ, ಎರಡೂ ಬದಿಯ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ವಿದ್ಯುತ್ ಒತ್ತಡ ಹುಟ್ಟುತ್ತದೆ. ದ್ವಿತೀಯ ಪಿಯುಸಿಯ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ನರ್ನ್‌ಸ್ಟ್ ಸಮೀಕರಣ ದಿನವೂ ಹೊಸೂರು ರಸ್ತೆಯಲ್ಲಿ ಹೀಗೆ ದುಡಿಯುತ್ತಿರುತ್ತದೆ. ಪೆಟ್ರೋಲು ಹೆಚ್ಚಾದರೆ ಸುಮಾರು 0.9 ವೋಲ್ಟ್, ಕಡಿಮೆಯಾದರೆ 0.1. (ಈಚಿನ ಹಲವು ಕಾರುಗಳ ಸೆನ್ಸರು ಬೇರೆ ಬಗೆಯದು, ಉದ್ದೇಶ ಒಂದೇ.)

ಸೆನ್ಸರಿನ ಮಾತು ಕೇಳಿ ಕಂಪ್ಯೂಟರು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸಿತು, ಎಷ್ಟು ಇಳಿಸಿತು ಎಂಬ ಲೆಕ್ಕವೇ ‘ಫ್ಯುಯೆಲ್ ಟ್ರಿಮ್’. ಸೈಕಲ್ ತುಳಿಯುವವರನ್ನು ಗಮನಿಸಿ. ನೇರ ಹೋಗುವಾಗಲೂ ಅವರ ಕೈ ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ಚೂರು ಚೂರು ಆಡಿಸುತ್ತಲೇ ಇರುತ್ತದೆ. ಕ್ಷಣಕ್ಷಣದ ಟ್ರಿಮ್ ಹಾಗೆ ತೂಗಾಡಿದರೆ ಗಾಬರಿ ಬೇಡ, ಅದು ಆರೋಗ್ಯದ ಲಕ್ಷಣ. ಆದರೆ ಹ್ಯಾಂಡಲನ್ನು ಸದಾ ಒಂದೇ ಕಡೆಗೆ ಒತ್ತಿ ಹಿಡಿದೇ ನೇರ ಹೋಗಬೇಕಾಗಿ ಬಂದರೆ? ದೀರ್ಘಾವಧಿಯ ಟ್ರಿಮ್ ಶೇ 10ನ್ನು ಮೀರಿ ಒಂದೇ ಕಡೆ ನಿಂತರೆ ವಿಚಾರಿಸಬೇಕು. ಶೇ 25ರ ಸುಮಾರಿಗೆ ಹೆಚ್ಚಿನ ಕಾರುಗಳ ಕಂಪ್ಯೂಟರು ಕೈಚೆಲ್ಲಿ ದೀಪ ಹೊತ್ತಿಸುತ್ತದೆ.

ನಮ್ಮ ಮಾಲೀಕರು ಎರಡನೆಯ ಸಲ ಹೋದದ್ದು ಬೊಮ್ಮಸಂದ್ರದ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿಗೆ. ಅವರು ಬಾನೆಟ್ಟನ್ನೇ ತೆಗೆಯಲಿಲ್ಲ. “ಇದನ್ನ ಹಾಕ್ಕೊಂಡು ಒಂದು ರೌಂಡ್ ಹೋಗಿ ಬನ್ನಿ ಸಾರ್. ಓಡಿಸ್ತಾ ನೀವು ನೋಡಬೇಡಿ, ಮಗಳು ಬರ್ಕೊಳ್ಳಲಿ” ಎಂದು ಸ್ಕ್ಯಾನರ್ ಕೊಟ್ಟರು. ಪಿಯುಸಿ ಓದುವ ಮಗಳು ಪಕ್ಕದಲ್ಲಿ ಕೂತು ಬರೆದುಕೊಂಡ ದೀರ್ಘಾವಧಿಯ ಅಂಕಿಗಳು ಮೂರು: ಸಿಗ್ನಲ್ಲಿನಲ್ಲಿ ನಿಂತಾಗ +4, ಸಮತಟ್ಟು ರಸ್ತೆಯಲ್ಲಿ +11, ಮೇಲ್ಸೇತುವೆಯ ಏರಿನಲ್ಲಿ +23.

ಉತ್ತರ ಈ ಏರಿಕೆಯಲ್ಲಿಯೇ ಇದೆ. ಎಂಜಿನು ಸುಮ್ಮನೆ ನಿಂತಾಗ ಗಂಟೆಗೆ ಒಂದು ಲೀಟರಿನಷ್ಟೂ ಪೆಟ್ರೋಲು ಕುಡಿಯುವುದಿಲ್ಲ. ಏರು ಹತ್ತುವಾಗ ಅದರ ಹತ್ತರಷ್ಟು ಬೇಕು. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿದ ಪೈಪು ಇರುವ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ನಲ್ಲಿ ಬಿಟ್ಟರೆ ನೀರು ಚೆನ್ನಾಗಿಯೇ ಬರುತ್ತದೆ, ಎರಡು ಬಿಟ್ಟಾಗ ಬಣ್ಣ ಬಯಲು. ಬೇಡಿಕೆ ಹೆಚ್ಚಿದಂತೆ ಕೊರತೆಯೂ ಹೆಚ್ಚಿದರೆ ಅನುಮಾನ ಹೋಗಬೇಕಾದ್ದು ಪೆಟ್ರೋಲಿನ ಫಿಲ್ಟರು, ಪಂಪುಗಳ ಮೇಲೆ.

ಅಂಕಿಗಳು ತಿರುಗುಮುರುಗಾಗಿದ್ದರೆ, ಅಂದರೆ ನಿಂತಾಗ +23, ವೇಗದಲ್ಲಿ +4 ಆಗಿದ್ದರೆ? ಆಗ ಎಲ್ಲೋ ರಬ್ಬರ್ ಕೊಳವೆ ಬಿರಿದು ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿದೆ ಎಂದರ್ಥ. ನಿಂತಾಗ ಎಂಜಿನು ಎಳೆಯುವ ಗಾಳಿಯೇ ಸ್ವಲ್ಪ, ಅದರಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ವೇಗದಲ್ಲಿ ಗಾಳಿ ಹತ್ತುಪಟ್ಟಾದಾಗ ಅದೇ ತೂತು ಲೆಕ್ಕಕ್ಕಿಲ್ಲ. ಗಾಳಿಯನ್ನು ನೇರವಾಗಿ ಅಳೆಯುವ ಕಾರುಗಳಲ್ಲಿ ಇದು ಸ್ಪಷ್ಟ. ಒತ್ತಡ ನೋಡಿ ಅಂದಾಜು ಮಾಡುವವುಗಳಲ್ಲಿ ಸಾಮಾನ್ಯವಾಗಿ ಐಡಲಿಂಗ್ ವೇಗವೇ ಏರಿಬಿಡುತ್ತದೆ. ಇನ್ನೊಂದು ಮೋಸವೂ ಉಂಟು. ಸೆನ್ಸರು ಅಳೆಯುವುದು ಆಮ್ಲಜನಕವನ್ನೇ ಹೊರತು ಪೆಟ್ರೋಲನ್ನಲ್ಲ. ಒಂದು ಪ್ಲಗ್ಗು ಕಿಡಿ ಹಾರಿಸದಿದ್ದರೆ ಉರಿಯದ ಆಮ್ಲಜನಕ ಹಾಗೇ ಹೊರಬಂದು ‘ಪೆಟ್ರೋಲು ಸಾಲದು’ ಎಂಬ ಸುಳ್ಳು ಸುದ್ದಿ ಹುಟ್ಟಿಸುತ್ತದೆ. ಮತ್ತೆ, ಪೆಡಲನ್ನು ಪೂರ್ತಿ ತುಳಿದಾಗ ಅನೇಕ ಕಾರುಗಳ ಕಂಪ್ಯೂಟರು ಸೆನ್ಸರಿಗೆ ಕಿವಿಗೊಡುವುದನ್ನೇ ನಿಲ್ಲಿಸುತ್ತದೆ. ಅರ್ಧ ತುಳಿದು ನೋಡಿದ ಅಂಕಿಯನ್ನೇ ನಂಬಬೇಕು.

ಮೆಕ್ಯಾನಿಕ್ ಒತ್ತಡ ಅಳೆದರು. ಎಂಜಿನು ನಿಂತಲ್ಲೇ ನಡೆಯುವಾಗ ಸರಿಯಿದ್ದ ಪೆಟ್ರೋಲಿನ ಒತ್ತಡ ಓಟದಲ್ಲಿ ಕುಸಿಯುತ್ತಿತ್ತು. ಟ್ಯಾಂಕಿನೊಳಗಿನ ಫಿಲ್ಟರು ಕೆಸರು ಕಟ್ಟಿ ಕಪ್ಪಾಗಿತ್ತು. ಹೊಸದು ಹಾಕಿ ಅದೇ ದಾರಿಯಲ್ಲಿ ಇನ್ನೊಂದು ಸುತ್ತು ಹೋಗಿ ಬಂದರು. ಅಂಕಿಗಳು +4, +4, +5. ಕಾರು ಏರನ್ನು ಸಲೀಸಾಗಿ ಹತ್ತಿತ್ತು.

“ಸೊನ್ನೆ ಯಾಕೆ ಬರಲಿಲ್ಲ ಅಂಕಲ್?” ಎಂದಳು ಹುಡುಗಿ.

“ಅದನ್ನ ಬಂಕಿನವರನ್ನ ಕೇಳಮ್ಮ” ಎಂದು ನಕ್ಕರು ಮೆಕ್ಯಾನಿಕ್.

ಪೀಣ್ಯದ ಆಚೆ, ತುಮಕೂರು ರಸ್ತೆಯ ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರದಲ್ಲಿ 2023ರ ಫೆಬ್ರುವರಿ 6ರಂದು ಪ್ರಧಾನಿ ನರೇಂದ್ರ ಮೋದಿ ಅವರು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ನೀಡಿದ್ದು ನೆನಪಿರಬಹುದು. ಎಥೆನಾಲಿನ ಅಣುವಿನಲ್ಲಿಯೇ ಆಮ್ಲಜನಕ ಇರುವುದರಿಂದ ಅದರ 1 ಕಿಲೋಗೆ 9 ಕಿಲೋ ಗಾಳಿ ಸಾಕು. ಶೇ 10ರ ಮಿಶ್ರಣಕ್ಕೆ ಬೇಕಾದ ಗಾಳಿ ಸುಮಾರು 14.1 ಕಿಲೋ, ಶೇ 20ಕ್ಕೆ 13.5. ಹತ್ತು ವರ್ಷ ಹಳೆಯ ಈ ಕಾರನ್ನು ಹೊಂದಿಸಿದ್ದು ಶೇ 10ಕ್ಕೆ. ಇಂತಹ ಕಾರಿನ ರಬ್ಬರ್ ಭಾಗಗಳಿಗೆ ಹೊಸ ಮಿಶ್ರಣ ಒಗ್ಗುತ್ತದೆಯೇ ಎಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಆದರೆ ಏರಿನಲ್ಲಿ ಶಕ್ತಿ ಉಡುಗಿದ್ದಕ್ಕೂ ಎಥೆನಾಲಿಗೂ ಸಂಬಂಧವಿರಲಿಲ್ಲ: ಮಿಶ್ರಣದ ಪರಿಣಾಮವಾದರೆ ನಿಂತಾಗಲೂ ಓಡುವಾಗಲೂ ಒಂದೇ ಸಮ ಕಾಣಬೇಕು. ಹುಡುಗಿ ರಫ್ ಪುಸ್ತಕದ ಹಿಂಬದಿಯಲ್ಲಿ 14.1ನ್ನು 13.5ರಿಂದ ಭಾಗಿಸಿದಳು. 1.04 ಬಂತು.