ಹಕ್ಕಿದೆ, ಒಡೆತನವಿಲ್ಲ



ನನ್ನಲ್ಲಿ ಪೌರನೀತಿಯ ಪಾಠ ಕೇಳಿದ ಶಿಷ್ಯನೊಬ್ಬ ಈಗ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ನೆಲೆಸಿದ್ದಾನೆ. ಈಚೆಗೆ ದೂರವಾಣಿಯಲ್ಲಿ ಮಾತನಾಡುತ್ತಾ ಅವನೆಂದ: “ಸಾರ್, ನನ್ನ ಮಾತಿಗೆ, ನನ್ನ ಪೂಜೆಗೆ, ನನ್ನ ಆಸ್ತಿಗೆ ರಕ್ಷಣೆಯಿದ್ದರೆ ಸಾಕು. ದೊಡ್ಡ ವಿಷಯಗಳನ್ನು ತಿಳಿದವರು ತೀರ್ಮಾನಿಸಲಿ. ಎಲ್ಲವನ್ನೂ ಜನರಿಗೆ ಬಿಟ್ಟರೆ ಕೆಲಸ ಕೆಡುತ್ತದೆ.” ವಿದ್ಯಾವಂತರಲ್ಲಿ ಬಹಳ ಮಂದಿ ಇಂದು ಒಪ್ಪುವ ಮಾತಿದು. ನನಗೆ ಒಪ್ಪಿಗೆಯಿಲ್ಲ. ಏಕೆಂಬುದನ್ನು ನಿಮ್ಮೆಲ್ಲರ ಮುಂದೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆನಿಸಿತು.

ಪೌರನೀತಿಯ ತರಗತಿಯಲ್ಲಿ ನಾವು ಎರಡು ಮಾತುಗಳನ್ನು ಕಲಿತೆವು. ಒಂದು, ಮೂಲಭೂತ ಹಕ್ಕುಗಳು; ಇನ್ನೊಂದು, ಜನತೆಯ ಪರಮಾಧಿಕಾರ. ಹಕ್ಕು ಎಂಬುದು ಸರ್ಕಾರ ನನ್ನ ಮನೆಯೊಳಗೆ ಕಾಲಿಡದಂತೆ ಎಳೆದ ಗೆರೆ. ಪರಮಾಧಿಕಾರವೆಂದರೆ ಆ ಸರ್ಕಾರವೇ ನಮ್ಮದು, ಅದು ನಮ್ಮಿಂದ ಹುಟ್ಟಿದ್ದು ಎಂಬ ಒಡೆತನ. ನಮ್ಮ ಸಂವಿಧಾನದ ಪೀಠಿಕೆ ಯಾವ ದೊರೆಯ ಹೆಸರಿನಿಂದಲೂ ಆರಂಭವಾಗದೆ ಜನರಿಂದಲೇ ಆರಂಭವಾಗುವುದು ಈ ಕಾರಣಕ್ಕೆ. ಉದಾರವಾದವೆಂಬ ತತ್ತ್ವ ಮೊದಲನೆಯದನ್ನು ಲೋಕಕ್ಕೆ ಕೊಟ್ಟಿತು. ಆ ಉಪಕಾರವನ್ನು ನಾನು ಮರೆಯಲಾರೆ. ಆದರೆ ಕಳೆದ ಕೆಲವು ದಶಕಗಳಲ್ಲಿ ಅದು ಹಕ್ಕನ್ನು ಹಿಡಿದುಕೊಂಡು ಒಡೆತನವನ್ನು ಕೈಬಿಟ್ಟಿದೆ. ಅಮೆರಿಕದ ತತ್ತ್ವಜ್ಞಾನಿ ಮೈಕೆಲ್ ಸ್ಯಾಂಡಲ್ 1996ರಲ್ಲಿ ಪ್ರಕಟಿಸಿದ ‘ಡೆಮಾಕ್ರಸೀಸ್ ಡಿಸ್‌ಕಂಟೆಂಟ್’ ಎಂಬ ಗ್ರಂಥದ ಕೊರಗೂ ಇದೇ: ಇಷ್ಟಬಂದದ್ದನ್ನು ಆರಿಸಿಕೊಳ್ಳುವುದಷ್ಟೇ ಸ್ವಾತಂತ್ರ್ಯವಾಗಿ, ತಮ್ಮನ್ನು ತಾವೇ ಆಳಿಕೊಳ್ಳುವುದರಲ್ಲಿ ಪಾಲ್ಗೊಳ್ಳುವುದು ಸ್ವಾತಂತ್ರ್ಯದ ಅರ್ಥದಿಂದ ಜಾರಿಹೋಯಿತು.

ಶಿಷ್ಯನಿರುವ ಯೂರೋಪನ್ನೇ ನೋಡೋಣ. ಒಂದು ದೇಶ ಐರೋಪ್ಯ ಒಕ್ಕೂಟದ ಹೊಸ ಒಪ್ಪಂದವನ್ನು ಒಪ್ಪಬೇಕೆ ಬೇಡವೆ ಎಂದು ನೇರವಾಗಿ ಜನರನ್ನೇ ಕೇಳುವ ಕ್ರಮ ಅಲ್ಲಿ ಕೆಲವು ದೇಶಗಳಲ್ಲಿದೆ. ಡೆನ್ಮಾರ್ಕಿನ ಜನ 1992ರಲ್ಲಿ ಮಾಸ್ಟ್ರಿಕ್ಟ್ ಒಪ್ಪಂದ ಬೇಡವೆಂದರು. 1993ರಲ್ಲಿ ಮತ್ತೆ ಕೇಳಲಾಯಿತು, ಬೇಕೆಂದರು. ಐರ್ಲೆಂಡಿನ ಜನ 2001ರಲ್ಲಿ ನೀಸ್ ಒಪ್ಪಂದವನ್ನು ತಿರಸ್ಕರಿಸಿದರು. 2002ರಲ್ಲಿ ಮತ್ತೆ ಮತದಾನವಾಗಿ ಅದು ಗೆದ್ದಿತು. 2005ರಲ್ಲಿ ಒಕ್ಕೂಟಕ್ಕೊಂದು ಸಂವಿಧಾನ ರಚಿಸಿ ಜನರ ಮುಂದಿಟ್ಟಾಗ ಫ್ರಾನ್ಸಿನಲ್ಲಿ ಸುಮಾರು ಶೇಕಡ 55, ನೆದರ್ಲೆಂಡ್ಸಿನಲ್ಲಿ ಶೇಕಡ 61ಕ್ಕೂ ಹೆಚ್ಚು ಮಂದಿ ಬೇಡವೆಂದು ಮತ ಹಾಕಿದರು. ಎರಡು ವರ್ಷಗಳ ತರುವಾಯ ಅದರ ಬಹುಪಾಲು ಅಂಶಗಳು ಲಿಸ್ಬನ್ ಒಪ್ಪಂದವೆಂಬ ಹೆಸರಿನಲ್ಲಿ ಮರಳಿ ಬಂದವು. ಈ ಬಾರಿ ಆ ಎರಡು ದೇಶಗಳಲ್ಲಿ ಜನರನ್ನು ಕೇಳಲಿಲ್ಲ, ಸಂಸತ್ತುಗಳೇ ಅಂಗೀಕರಿಸಿದವು. ಜನರನ್ನು ಕೇಳಿದ ಐರ್ಲೆಂಡಿನಲ್ಲಿ 2008ರ ಜೂನ್‌ನಲ್ಲಿ ಬೇಡವೆಂದವರು ಶೇಕಡ 53. 2009ರ ಅಕ್ಟೋಬರ್‌ನಲ್ಲಿ ಮತ್ತೆ ಕೇಳಿದಾಗ ಬೇಕೆಂದವರು ಶೇಕಡ 67.

ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಎರಡನೆಯ ಬಾರಿ ಕೇಳುವ ಮುನ್ನ ಡೆನ್ಮಾರ್ಕಿಗೆ ನಾಲ್ಕು ವಿನಾಯಿತಿಗಳು ದೊರೆತವು. ಐರ್ಲೆಂಡಿಗೆ ತೆರಿಗೆ, ತಟಸ್ಥ ನೀತಿ ಮೊದಲಾದ ವಿಷಯಗಳಲ್ಲಿ ಭರವಸೆಗಳು ದೊರೆತವು. ಜನರು ಮನಸ್ಸು ಬದಲಿಸುವುದು ತಪ್ಪೂ ಅಲ್ಲ. ಆದರೆ ಒಂದನ್ನು ಗಮನಿಸಿರಿ: ಬೇಡವೆಂದಾಗ ಮರುಪರೀಕ್ಷೆ ನಡೆಯಿತು, ಬೇಕೆಂದಾಗ ನಡೆಯಲಿಲ್ಲ. ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು, ಅದು ಬರುವವರೆಗೆ ಪ್ರಶ್ನೆ ಕೇಳುವ ಮೇಷ್ಟರನ್ನು ಮಕ್ಕಳು ಬಹುಬೇಗ ಗುರುತಿಸುತ್ತಾರೆ. ಮತದಾರರೂ ಗುರುತಿಸುತ್ತಾರೆ.

ಗ್ರೀಸಿನಲ್ಲಿ ಮರುಪರೀಕ್ಷೆಯ ಶ್ರಮವನ್ನೂ ಯಾರೂ ತೆಗೆದುಕೊಳ್ಳಲಿಲ್ಲ. ಸಾಲದಲ್ಲಿ ಮುಳುಗಿದ್ದ ಆ ದೇಶಕ್ಕೆ ಐರೋಪ್ಯ ಆಯೋಗ, ಐರೋಪ್ಯ ಕೇಂದ್ರ ಬ್ಯಾಂಕು ಮತ್ತು ಅಂತಾರಾಷ್ಟ್ರೀಯ ಹಣಕಾಸು ನಿಧಿ ವಿಧಿಸಿದ ಷರತ್ತುಗಳನ್ನು ಒಪ್ಪಬೇಕೆ ಎಂಬ ಪ್ರಶ್ನೆ 2015ರ ಜುಲೈ 5ರಂದು ಜನರ ಮುಂದೆ ಬಂದಿತು. ಬ್ಯಾಂಕುಗಳು ಮುಚ್ಚಿದ್ದವು, ದಿನಕ್ಕೆ 60 ಯೂರೋ ಮಾತ್ರ ಹಿಂಪಡೆಯಬಹುದಾಗಿತ್ತು. ಅಂಥ ಸ್ಥಿತಿಯಲ್ಲಿಯೂ ಶೇಕಡ 61ರಷ್ಟು ಮಂದಿ ಬೇಡವೆಂದರು. ಎಂಟೇ ದಿನಗಳಲ್ಲಿ, ಜುಲೈ 13ರ ಬೆಳಗ್ಗೆ, ಬೇಡವೆನ್ನಿರೆಂದು ಜನರನ್ನು ಕೇಳಿಕೊಂಡಿದ್ದ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸರೇ ಕಠಿಣವಾದ ಷರತ್ತುಗಳಿಗೆ ಒಪ್ಪಿಗೆಯಿತ್ತರು. ಸಾಲ ಮಾಡಿದವನು ತೀರಿಸಬೇಕೆಂಬುದು ಸರಿ; ಸಾಲ ಕೊಟ್ಟ ದೇಶಗಳಲ್ಲಿಯೂ ಮತದಾರರಿದ್ದಾರೆಂಬುದೂ ಸರಿ. ಆದರೆ ಗ್ರೀಸಿನಲ್ಲಿ ಯಾರ ವಾಕ್‌ಸ್ವಾತಂತ್ರ್ಯವನ್ನೂ ಕಸಿಯಲಿಲ್ಲ, ಯಾರ ದೇವಾಲಯವನ್ನೂ ಮುಚ್ಚಲಿಲ್ಲ. ಎಲ್ಲ ಹಕ್ಕುಗಳೂ ಇದ್ದವು. ಕೂಗಾಡುವ ಸ್ವಾತಂತ್ರ್ಯವಿತ್ತು, ಕೂಗಿನಿಂದ ಏನನ್ನಾದರೂ ಬದಲಿಸುವ ಶಕ್ತಿ ಇರಲಿಲ್ಲ. ಹಕ್ಕಿದ್ದೂ ಒಡೆತನವಿಲ್ಲದ ಸ್ಥಿತಿಯೆಂದರೆ ಇದು.

ಈ ಸ್ಥಿತಿ ಬಹುಕಾಲ ಹಾಗೆಯೇ ನಿಲ್ಲುವುದಿಲ್ಲ ಎಂಬುದೇ ನನ್ನ ಆತಂಕ. ‘ನಿಮ್ಮ ಮಾತಿಗೆ ಬೆಲೆಯಿಲ್ಲ’ ಎಂದು ಬಾರಿಬಾರಿಗೂ ಕೇಳಿಸಿಕೊಂಡ ಜನರ ಬಳಿಗೆ ‘ನಾನೇ ನಿಮ್ಮ ಮಾತು’ ಎನ್ನುವವನೊಬ್ಬ ಬರುತ್ತಾನೆ. 2010ರಲ್ಲಿ ಹಂಗೆರಿಯಲ್ಲಿ ಮೂರನೆಯ ಎರಡರಷ್ಟು ಬಹುಮತದಿಂದ ಗೆದ್ದ ವಿಕ್ಟರ್ ಆರ್ಬನ್ 2014ರಲ್ಲಿ, ತಾವು ಕಟ್ಟುತ್ತಿರುವುದು ಉದಾರವಾದಿಯಲ್ಲದ ರಾಜ್ಯವೆಂದು ಬಹಿರಂಗವಾಗಿಯೇ ಸಾರಿದರು. ಇಂಥವರು ಜನರಿಗೆ ಒಡೆತನವನ್ನು ಹಿಂದಿರುಗಿಸುವುದಿಲ್ಲ. ಜನರ ಹೆಸರಿನಲ್ಲಿ ಅದನ್ನು ತಾವೇ ಇಟ್ಟುಕೊಳ್ಳುತ್ತಾರೆ. ಬಾಣಲೆಯಿಂದ ಬೆಂಕಿಗೆ ಬಿದ್ದಂತೆ, ಒಡೆತನ ಮೊದಲೇ ಹೋಗಿತ್ತು, ಆಮೇಲೆ ಹಕ್ಕೂ ಹೋಗುತ್ತದೆ.

ಹಾಗಾದರೆ ಹಕ್ಕುಗಳನ್ನು ಕಾಯುವವರು ಯಾರು? ತಿಳಿದವರೇ? ಇದಕ್ಕೆ ಉತ್ತರ ನಮ್ಮ ದೇಶದ ಇತಿಹಾಸದಲ್ಲಿಯೇ ಇದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟವರು ಬಿಡುಗಡೆಗಾಗಿ ನ್ಯಾಯಾಲಯದ ಮೊರೆಹೋಗುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತೀರ್ಪಿತ್ತರು, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ದೇಶದ ಅತ್ಯಂತ ತಿಳಿದವರ ಪೀಠ ಕೈಬಿಟ್ಟ ಆ ಸ್ವಾತಂತ್ರ್ಯವನ್ನು 1977ರ ಮಾರ್ಚ್‌ನಲ್ಲಿ ಹಿಂದಕ್ಕೆ ತಂದವರು ಮತದಾರರು; ಅವರಲ್ಲಿ ಬಹುಮಂದಿಗೆ ಅಕ್ಷರವೇ ಬರುತ್ತಿರಲಿಲ್ಲ. ನಮ್ಮ ಕರ್ನಾಟಕ ಅಂದು ಬಹುತೇಕ ಕಾಂಗ್ರೆಸ್ಸಿನ ಪರವಾಗಿಯೇ ನಿಂತಿತು ಎಂಬುದೂ ನಿಜ. ಜನರು ಎಲ್ಲೆಡೆ ಒಂದೇ ರೀತಿ ಯೋಚಿಸುವುದಿಲ್ಲ. ಆದರೂ ಆ ತಿದ್ದುಪಡಿ ಆದದ್ದು ಮತಪೆಟ್ಟಿಗೆಯಿಂದಲೇ.

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. ಅಬ್ದುಲ್ ನಜೀರ್ ಸಾಬರ ಶ್ರಮದಿಂದ ಬಂದ 1983ರ ಕಾಯಿದೆಯ ಮೇರೆಗೆ 1987ರಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದಾಗ ನಾನು ಮತಗಟ್ಟೆಯ ಕೆಲಸಕ್ಕೆ ಹೋಗಿದ್ದೆ. ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿದ್ದ ಚುನಾವಣೆಯದು. ಬೆರಳಿಗೆ ಶಾಯಿ ಹಚ್ಚಿಸಿಕೊಂಡ ಕೂಲಿಯ ಹೆಂಗಸೊಬ್ಬಳು, “ಇನ್ನು ಬಾವಿ ಎಲ್ಲಿ ತೋಡಬೇಕು ಅಂತ ನಮ್ಮನ್ನೂ ಕೇಳ್ತಾರಾ ಸ್ವಾಮಿ?” ಎಂದಳು. ಒಡೆತನವೆಂದರೇನೆಂದು ಅದಕ್ಕಿಂತ ಸರಳವಾಗಿ ನಾನೂ ಪಾಠ ಹೇಳಲಾರೆ. ಮುಂದೆ 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೆಯ ತಿದ್ದುಪಡಿಗಳು, ಐದು ವರ್ಷಗಳ ಅವಧಿ ಮುಗಿಯುವ ಮೊದಲೇ ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಯಬೇಕೆಂದು ಸಂವಿಧಾನದಲ್ಲಿಯೇ ಬರೆದವು. ಆದರೂ 2016ರಲ್ಲಿ ಚುನಾಯಿತವಾದ ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂಬ ಕಾರಣಗಳು ಒಂದರ ಹಿಂದೊಂದು ಬಂದವು. ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಆ ಮಹಾನಗರಕ್ಕೆ ಒಬ್ಬ ಕಾರ್ಪೊರೇಟರೂ ಇರಲಿಲ್ಲ, ಆಡಳಿತಾಧಿಕಾರಿಗಳೇ ನಡೆಸಿದರು.

ಇದಕ್ಕಾಗಿ ಬೀದಿಗಿಳಿದವರೆಷ್ಟು ಮಂದಿ? ನನ್ನ ಮನಸ್ಸನ್ನು ಕಲಕುವುದು ಈ ಮೌನ. ರಸ್ತೆಯ ಗುಂಡಿ ಮುಚ್ಚಿಲ್ಲವೆಂದು ದೂರುತ್ತೇವೆ, ಗುಂಡಿ ಮುಚ್ಚಿಸಬೇಕಾದ ಸದಸ್ಯನನ್ನು ಆರಿಸುವ ಅಧಿಕಾರವೇ ನಮ್ಮ ಕೈಯಲ್ಲಿಲ್ಲವೆಂಬುದು ನೆನಪಾಗುವುದಿಲ್ಲ. ಗಿರಾಕಿಗೆ ಸೇವೆ ಸಿಕ್ಕರೆ ಸಾಕು, ಪ್ರಜೆಗೆ ಸಾಲದು. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎಂದರು ಹಿರಿಯರು. ಪ್ರಜಾಪ್ರಭುತ್ವದಲ್ಲಿ ಅರಸುತನವೂ ಒಂದು ದುಡಿಮೆಯೇ: ಸಭೆಗೆ ಹೋಗಬೇಕು, ಲೆಕ್ಕ ಕೇಳಬೇಕು, ಸೋತರೂ ಮತ್ತೆ ಹೋಗಬೇಕು.

ಊರಿನಲ್ಲಿರುವವರು ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿರಿ. ನಗರದಲ್ಲಿರುವವರು ನಿಮ್ಮ ವಾರ್ಡು ಯಾವುದು, ಅದರ ಸದಸ್ಯರು ಯಾರೆಂದು ಕೇಳಿ ತಿಳಿಯಿರಿ. ಯಾರೂ ಇಲ್ಲವೆಂಬ ಉತ್ತರ ಬಂದರೆ, ಏಕಿಲ್ಲವೆಂದು ಕೇಳಿರಿ. ಪರದೇಶದಲ್ಲಿರುವವರಿಗೆ ಅಲ್ಲಿ ಮತವಿದ್ದರೆ ಅದನ್ನು ಬಳಸಿರಿ. ತಿಳಿದವರ ಸಲಹೆಯನ್ನು ಅವಶ್ಯವಾಗಿ ಕೇಳೋಣ. ಆದರೆ ಮನೆಯ ಕೀಲಿಕೈ ನಮ್ಮ ಸೊಂಟದಲ್ಲಿಯೇ ಇರಲಿ.

ಎಲ್ಲರಿಗೂ ಒಳಿತಾಗಲಿ.